ಮೀಸಲು ಮತ್ತು ವಾಯಿದೆ

1997ರ ಜೂನ್ 30ರಂದು ಥಾಯ್ಲೆಂಡಿನ ಪ್ರಧಾನಿ ಚವಲಿತ್ ಯೊಂಗ್‌ಚೈಯುಧ್ ತಮ್ಮ ದೇಶದ ನಾಣ್ಯವಾದ ಬಾತ್ ಅನ್ನು ಅಪಮೌಲ್ಯಗೊಳಿಸುವುದಿಲ್ಲವೆಂದು ಜನರಿಗೆ ಭರವಸೆ ಕೊಟ್ಟರು. ಆ ದಿನ ಬ್ಯಾಂಕ್ ಆಫ್ ಥಾಯ್ಲೆಂಡ್‌ನ ಲೆಕ್ಕಪುಸ್ತಕದಲ್ಲಿದ್ದ ವಿದೇಶಿ ವಿನಿಮಯ ಮೀಸಲು ಸುಮಾರು 32 ಶತಕೋಟಿ ಡಾಲರ್. ಆ ಗಾತ್ರದ ಆರ್ಥಿಕತೆಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಆದರೆ ಅದೇ ಬ್ಯಾಂಕು ಮುಂದಿನ ದಿನಗಳಲ್ಲಿ ಬೇರೆಯವರಿಗೆ ಒಪ್ಪಿಸಬೇಕೆಂದು ಸಹಿ ಹಾಕಿಕೊಟ್ಟಿದ್ದ ಡಾಲರುಗಳನ್ನು ಅದರಿಂದ ಕಳೆದರೆ ಉಳಿಯುತ್ತಿದ್ದುದು ಮೂರು ಶತಕೋಟಿಗೂ ಕಡಿಮೆ. ಎರಡು ದಿನ ಕಳೆದು, ಜುಲೈ 2ರಂದು, ಬಾತ್ ಅನ್ನು ಮಾರುಕಟ್ಟೆಯ ಪಾಲಿಗೆ ಬಿಟ್ಟುಬಿಡಲಾಯಿತು. ಹಲವು ವರ್ಷಗಳಿಂದ ಡಾಲರಿಗೆ 25ರ ಆಸುಪಾಸಿನಲ್ಲಿ ನಿಂತಿದ್ದ ನಾಣ್ಯ ಮರುವರ್ಷದ ಜನವರಿಯ ಹೊತ್ತಿಗೆ 50ನ್ನೂ ದಾಟಿ ಕುಸಿದಿತ್ತು.

ಒಂದು ದೇಶದ ವಿದೇಶಿ ವಿನಿಮಯ ಮೀಸಲಿನ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆಯೆಲ್ಲ ಬಹುಮಟ್ಟಿಗೆ ಮೊದಲನೆಯ ಬಗೆಯ ಸಂಖ್ಯೆಯ ಬಗ್ಗೆಯೇ ಇರುತ್ತದೆ. ಪ್ರತಿ ಶುಕ್ರವಾರ ಸಂಜೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಮೊತ್ತ ಏರಿದರೆ ಸಂತೋಷಪಡುತ್ತೇವೆ, ಇಳಿದರೆ ಆತಂಕಗೊಳ್ಳುತ್ತೇವೆ. ಎಷ್ಟು ಇದೆ ಎಂಬ ಪ್ರಶ್ನೆಗಿಂತ, ಇದರಲ್ಲಿ ಎಷ್ಟು ಮುಂದಿನ ಹನ್ನೆರಡು ತಿಂಗಳೊಳಗೆ ಹೊರಗೆ ಹೋಗಲೇಬೇಕು, ಇನ್ನೆಷ್ಟು ಹೋಗಬಹುದು ಎಂಬ ಪ್ರಶ್ನೆ ಹೆಚ್ಚು ಮುಖ್ಯವೆಂದು ನಾನು ನಂಬಿದ್ದೇನೆ. ಹೀಗೆ ನಂಬಲು ಕಾರಣವಾದದ್ದು ಥಾಯ್ಲೆಂಡಿನ ಕಥೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಥಾಯ್ಲೆಂಡ್ ಏಷ್ಯಾದ ಮಾದರಿ ದೇಶಗಳಲ್ಲಿ ಒಂದಾಗಿತ್ತು. 1993ರಲ್ಲಿ ಬ್ಯಾಂಕಾಕ್ ಅಂತರರಾಷ್ಟ್ರೀಯ ಬ್ಯಾಂಕಿಂಗ್ ಸೌಲಭ್ಯ ಎಂಬ ವ್ಯವಸ್ಥೆ ತೆರೆದುಕೊಂಡ ಮೇಲೆ ಹೊರದೇಶದ ಸಾಲ ಸುಲಭವಾಗಿ, ಕಡಿಮೆ ಬಡ್ಡಿಗೆ, ಬಹುಪಾಲು ಅಲ್ಪಾವಧಿಗೆ ಒಳಬರತೊಡಗಿತು. ಬಾತ್‌ನ ಬೆಲೆ ಡಾಲರಿಗೆ ಕಟ್ಟಿಹಾಕಿದಂತೆ ಸ್ಥಿರವಾಗಿದ್ದುದರಿಂದ ಡಾಲರಿನಲ್ಲಿ ಸಾಲ ತಂದು ಬಾತ್‌ನಲ್ಲಿ ಕಟ್ಟಡ ಕಟ್ಟುವವರಿಗೆ ವಿನಿಮಯ ದರದ ಭಯವೇ ಇರಲಿಲ್ಲ. 1996ರಲ್ಲಿ ರಫ್ತಿನ ಬೆಳವಣಿಗೆ ಬಹುತೇಕ ನಿಂತುಹೋಯಿತು. ಚಾಲ್ತಿ ಖಾತೆಯ ಕೊರತೆ, ಅಂದರೆ ವ್ಯಾಪಾರ ಮುಂತಾದ ವ್ಯವಹಾರಗಳಲ್ಲಿ ಹೊರಗಿನಿಂದ ಬಂದದ್ದಕ್ಕಿಂತ ಹೊರಗೆ ಹೋದದ್ದು ಹೆಚ್ಚಾದ ಮೊತ್ತ, ಒಟ್ಟು ಉತ್ಪನ್ನದ ಶೇ. 8ರಷ್ಟಕ್ಕೆ ಮುಟ್ಟಿತ್ತು. 1997ರ ಫೆಬ್ರುವರಿಯಲ್ಲಿ ಸೋಂಪ್ರಸೋಂಗ್ ಲ್ಯಾಂಡ್ ಎಂಬ ಭೂ ಅಭಿವೃದ್ಧಿ ಕಂಪನಿ ತನ್ನ ವಿದೇಶಿ ಸಾಲದ ಕಂತು ಕಟ್ಟಲಾಗದೆ ತಪ್ಪಿತು. ಬಾತ್ ಇದೇ ಬೆಲೆಯಲ್ಲಿ ಹೆಚ್ಚು ದಿನ ನಿಲ್ಲಲಾರದೆಂದು ಲೆಕ್ಕ ಹಾಕಿದವರು ಬಾತ್ ಸಾಲ ತಂದು ಮಾರತೊಡಗಿದರು, ಕೇಂದ್ರ ಬ್ಯಾಂಕು ತನ್ನ ಡಾಲರುಗಳನ್ನು ಕೊಟ್ಟು ಆ ಬಾತ್‌ಗಳನ್ನು ಕೊಳ್ಳತೊಡಗಿತು.

ಇಲ್ಲಿ ಕೇಂದ್ರ ಬ್ಯಾಂಕಿಗೆ ಎರಡು ತೊಡಕುಗಳಿದ್ದವು. ಡಾಲರು ಮಾರಿದಷ್ಟೂ ಮೀಸಲು ಕರಗುತ್ತದೆ. ಕರಗಿದ ಮೊತ್ತ ಪ್ರಕಟವಾದರೆ ದಾಳಿ ಮಾಡುವವರಿಗೆ ಧೈರ್ಯ ಹೆಚ್ಚುತ್ತದೆ. ಜೊತೆಗೆ, ಡಾಲರಿಗೆ ಬದಲಾಗಿ ಕೈಗೆ ಬಂದ ಬಾತ್ ಮಾರುಕಟ್ಟೆಯಿಂದ ಹೊರಬೀಳುವುದರಿಂದ ದೇಶದೊಳಗೆ ಹಣದ ಬಿಗಿ ಉಂಟಾಗುತ್ತದೆ, ಆಗಲೇ ಏದುಸಿರು ಬಿಡುತ್ತಿದ್ದ ಹಣಕಾಸು ಕಂಪನಿಗಳಿಗೆ ಅದು ಮಾರಕವಾಗುತ್ತದೆ. ಈ ಎರಡಕ್ಕೂ ಒಟ್ಟಿಗೆ ಉತ್ತರವಾಗಿ ಕಂಡದ್ದು ಸ್ವಾಪ್ ಒಪ್ಪಂದ. ಇಂದು ಮಾರಿದ ಡಾಲರನ್ನು ಇಂದೇ ಮತ್ತೊಬ್ಬರಿಂದ ಬಾತ್ ಕೊಟ್ಟು ಪಡೆದುಕೊಳ್ಳುವುದು, ಕೆಲವು ತಿಂಗಳ ಬಳಿಕ ನಿಗದಿತ ದರದಲ್ಲಿ ಆ ಡಾಲರನ್ನು ಮರಳಿಸುತ್ತೇನೆಂದು ಬರೆದುಕೊಡುವುದು. ಡಾಲರು ಮರಳಿ ಪೆಟ್ಟಿಗೆ ಸೇರಿದ್ದರಿಂದ ಮೀಸಲಿನ ಮೊತ್ತ ಮೊದಲಿನಷ್ಟೇ ಕಾಣುತ್ತದೆ. ಬಾತ್ ಮಾರುಕಟ್ಟೆಗೆ ಮರಳಿದ್ದರಿಂದ ಬಿಗಿಯೂ ಸಡಿಲುತ್ತದೆ. ಉಳಿತಾಯ ಖಾತೆಯ ಪಾಸ್‌ಬುಕ್ಕಿನಲ್ಲಿ ಹಣ ಹಾಗೆಯೇ ಇದ್ದು, ಅಷ್ಟೂ ಹಣಕ್ಕೆ ಮುಂದಿನ ತಾರೀಕು ಹಾಕಿದ ಚೆಕ್ಕುಗಳನ್ನು ಬರೆದುಕೊಟ್ಟಾಗಿರುವ ಸ್ಥಿತಿ ಅದು.

ಸ್ವಾಪ್ ತನ್ನಷ್ಟಕ್ಕೆ ಕೆಟ್ಟ ಸಾಧನವಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಜಗತ್ತಿನ ಅನೇಕ ಕೇಂದ್ರ ಬ್ಯಾಂಕುಗಳು ಅದನ್ನು ಬಳಸುತ್ತವೆ. ಥಾಯ್ಲೆಂಡಿನಲ್ಲಿ ಆದ ಅನಾಹುತಕ್ಕೆ ಕಾರಣ, ವಾಯಿದೆಗಳ, ಅಂದರೆ ಮುಂದಿನ ತಾರೀಕಿಗೆ ಡಾಲರು ಒಪ್ಪಿಸುತ್ತೇನೆಂದು ಬರೆದುಕೊಟ್ಟ ಒಪ್ಪಂದಗಳ, ಒಟ್ಟು ಮೊತ್ತ ಮೀಸಲನ್ನೇ ನುಂಗುವಷ್ಟು ಬೆಳೆದದ್ದು ಮತ್ತು ಆ ಮೊತ್ತ ಬ್ಯಾಂಕಿನ ಕೆಲವೇ ಮಂದಿಯ ಆಚೆಗೆ ಯಾರಿಗೂ ತಿಳಿಯದೇ ಹೋದದ್ದು. 1997ರ ಮೇ ತಿಂಗಳ ಮಧ್ಯದಲ್ಲಿ ಅತಿ ದೊಡ್ಡ ದಾಳಿ ನಡೆದಾಗ ಬ್ಯಾಂಕು ಕೆಲವೇ ದಿನಗಳಲ್ಲಿ ಶತಕೋಟಿಗಟ್ಟಲೆ ಡಾಲರುಗಳನ್ನು ಬಾತ್ ರಕ್ಷಣೆಗೆ ಸುರಿಯಿತು. ಆ ತಿಂಗಳ ಹದಿನೈದರಂದು ದೇಶದೊಳಗಿನ ಮತ್ತು ಹೊರಗಿನ ಬಾತ್ ಮಾರುಕಟ್ಟೆಗಳನ್ನು ಬೇರ್ಪಡಿಸಿದಾಗ ದಾಳಿಕೋರರಲ್ಲಿ ಹಲವರು ನಷ್ಟ ಅನುಭವಿಸಿದರು, ಹೀಗಾಗಿ ಗೆದ್ದಂತೆಯೂ ಕಂಡಿತು. ಆದರೆ ಆ ಗೆಲುವಿನ ಹೊತ್ತಿಗೆ ನಿವ್ವಳ ಮೀಸಲು ಬರಿದಾಗಿತ್ತು. ಜೂನ್‌ನಲ್ಲಿ ಹಣಕಾಸು ಸಚಿವರಾಗಿ ಬಂದ ತನೋಂಗ್ ಬಿದಾಯ ಅವರಿಗೆ ನಿಜವಾದ ಸಂಖ್ಯೆ ತಿಳಿದದ್ದು ಅಧಿಕಾರ ವಹಿಸಿಕೊಂಡ ಮೇಲಷ್ಟೇ. ಲೋಕಕ್ಕೆ ತಿಳಿದದ್ದು ಇನ್ನೂ ತಡವಾಗಿ: ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದಾಳತ್ವದ 17.2 ಶತಕೋಟಿ ಡಾಲರಿನ ನೆರವು ಖಚಿತವಾದಾಗ, ಸುಮಾರು 23.4 ಶತಕೋಟಿ ಡಾಲರಿನ ವಾಯಿದೆ ಹೊಣೆಗಳು ಇನ್ನೂ ತೀರಬೇಕಿವೆ ಎಂಬುದನ್ನು ಬ್ಯಾಂಕು ಬಹಿರಂಗಪಡಿಸಿತು. ಬಂದ ನೆರವಿಗಿಂತ ಹೊರಹೋಗಬೇಕಾದದ್ದೇ ದೊಡ್ಡದು ಎಂದು ಜನ ಅಂದೇ ಎಣಿಸಿ ನೋಡಿದರು. ಬಾತ್ ಮತ್ತಷ್ಟು ಕುಸಿಯಿತು.

ಬ್ಯಾಂಕಿನ ಮಾಜಿ ಗವರ್ನರ್ ನುಕುಲ್ ಪ್ರಚುವಬ್ಮೋ ನೇತೃತ್ವದ ಆಯೋಗ 1998ರಲ್ಲಿ ಕೊಟ್ಟ ವರದಿ ಈ ತೀರ್ಮಾನಗಳು ಹೇಗೆ ನಡೆದವೆಂಬುದನ್ನು ತಿಂಗಳು ತಿಂಗಳಾಗಿ ಬಿಡಿಸಿಟ್ಟಿತು. ಬಾತ್ ರಕ್ಷಣೆಯ ಕಾಲದಲ್ಲಿ ಗವರ್ನರ್ ಆಗಿದ್ದ ರೆಂಗ್‌ಚೈ ಮರಕಾನಂದ್ ಅವರು 186 ಶತಕೋಟಿ ಬಾತ್ ನಷ್ಟವನ್ನು ಸ್ವತಃ ತುಂಬಿಕೊಡಬೇಕೆಂದು 2005ರಲ್ಲಿ ನ್ಯಾಯಾಲಯವೊಂದು ಆದೇಶಿಸಿತ್ತು, ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. ಒಬ್ಬ ವ್ಯಕ್ತಿಯ ಮೇಲೆ ಅಷ್ಟು ಭಾರ ಹೊರಿಸುವುದು ಸರಿಯೆಂದು ನನಗೂ ಅನ್ನಿಸುವುದಿಲ್ಲ. ಬಾತ್‌ನ ಬೆಲೆಯನ್ನು ಏನೇ ಆದರೂ ಉಳಿಸಬೇಕೆಂಬ ಹಟ ಸರ್ಕಾರದ್ದೂ ಆಗಿತ್ತು, ಅಗ್ಗದ ಡಾಲರು ಸಾಲ ಪಡೆದಿದ್ದ ಎಲ್ಲ ಉದ್ಯಮಿಗಳದ್ದೂ ಆಗಿತ್ತು.

1997ರ ಕೊನೆಯಲ್ಲಿ ದಕ್ಷಿಣ ಕೊರಿಯಾದಲ್ಲಿ ಇದೇ ದೋಷ ಬೇರೊಂದು ರೂಪದಲ್ಲಿ ಕಾಣಿಸಿತು. ಕೊರಿಯಾದ ಕೇಂದ್ರ ಬ್ಯಾಂಕು ತನ್ನ ಡಾಲರುಗಳಲ್ಲಿ ದೊಡ್ಡ ಪಾಲನ್ನು ಸ್ವದೇಶಿ ಬ್ಯಾಂಕುಗಳ ವಿದೇಶಿ ಶಾಖೆಗಳಲ್ಲಿ ಠೇವಣಿಯಾಗಿ ಇರಿಸಿತ್ತು. ಆ ಶಾಖೆಗಳು ಅದನ್ನು ಆಗಲೇ ತಮ್ಮ ಅಲ್ಪಾವಧಿ ಸಾಲ ತೀರಿಸಲು ಬಳಸಿದ್ದವು, ಮರಳಿ ಕೇಳಿದರೆ ಅವೇ ಮುಳುಗುತ್ತಿದ್ದವು. 1997ರ ನವೆಂಬರ್ ಕೊನೆಗೆ ಅಧಿಕೃತ ಮೀಸಲು 24.4 ಶತಕೋಟಿ ಡಾಲರ್ ಎಂದಿದ್ದರೆ ನಿಜಕ್ಕೂ ಬಳಸಬಹುದಾಗಿದ್ದದ್ದು 7.3 ಶತಕೋಟಿ ಮಾತ್ರ. ಕೆಲವೇ ವಾರಗಳಲ್ಲಿ ತೀರಿಸಬೇಕಾಗಿದ್ದ ಅಲ್ಪಾವಧಿ ಸಾಲಗಳು ಅದರ ಹಲವು ಪಟ್ಟು ಇದ್ದವು. ಡಿಸೆಂಬರ್ ಕೊನೆಯಲ್ಲಿ ವಿದೇಶಿ ಬ್ಯಾಂಕುಗಳು ಆ ಸಾಲಗಳ ವಾಯಿದೆ ಮುಂದುವರಿಸಲು ಒಪ್ಪದೇ ಹೋಗಿದ್ದರೆ ನಿಧಿಯ ನೆರವೂ ಸಾಲುತ್ತಿರಲಿಲ್ಲ.

ಈ ಎರಡು ಅನುಭವಗಳಿಂದ ಹುಟ್ಟಿದ್ದು ಒಂದು ಪಟ್ಟಿ. ಅಂಕಿಅಂಶ ಪ್ರಕಟಣೆಗಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿ 1996ರಲ್ಲಿಯೇ ಮಾನದಂಡವೊಂದನ್ನು ರೂಪಿಸಿತ್ತು. 1999ರ ಮಾರ್ಚಿನಲ್ಲಿ ಅದಕ್ಕೆ ವಿದೇಶಿ ಕರೆನ್ಸಿ ಮೀಸಲಿನ ಹೊಸ ನಮೂನೆ ಸೇರಿತು. ಅದರ ಮೊದಲ ಭಾಗದಲ್ಲಿ ದೇಶದ ಬಳಿ ಏನೇನಿದೆ ಎಂಬುದನ್ನು ಬರೆಯಬೇಕು. ಎರಡನೆಯ ಭಾಗದಲ್ಲಿ ಮುಂದಿನ ಒಂದು ವರ್ಷದೊಳಗೆ ಖಚಿತವಾಗಿ ಹೊರಹೋಗಬೇಕಾದ ವಿದೇಶಿ ಕರೆನ್ಸಿಯನ್ನು, ಅಂದರೆ ಸಾಲದ ಅಸಲು, ಬಡ್ಡಿ, ವಾಯಿದೆ ಮಾರಾಟ ಮತ್ತು ಸ್ವಾಪ್‌ಗಳನ್ನು, ಒಂದು ತಿಂಗಳೊಳಗೆ, ಒಂದರಿಂದ ಮೂರು ತಿಂಗಳೊಳಗೆ, ಮೂರು ತಿಂಗಳಿಂದ ವರ್ಷದೊಳಗೆ ಎಂದು ಕಾಲಾವಧಿಗೆ ತಕ್ಕಂತೆ ವಿಂಗಡಿಸಿ ತೋರಿಸಬೇಕು. ಮೂರನೆಯದು ಸಂಭವನೀಯ ಹೊರಹರಿವು: ಸರ್ಕಾರ ಕೊಟ್ಟ ಖಾತರಿ, ಸಾಲ ಕೊಟ್ಟವರು ಬಯಸಿದಾಗ ಹಿಂಪಡೆಯಬಹುದಾದ ಬಾಂಡು, ನಿಗದಿತ ದರದಲ್ಲಿ ಕೊಳ್ಳುವ ಇಲ್ಲವೆ ಮಾರುವ ಹಕ್ಕು ಕೊಡುವ ಆಪ್ಷನ್ ಒಪ್ಪಂದ ಮುಂತಾದ, ಪರಿಸ್ಥಿತಿ ಕೆಟ್ಟರೆ ಮಾತ್ರ ಬಾಗಿಲು ತಟ್ಟುವ ಹೊಣೆಗಳು. ನಾಲ್ಕನೆಯ ಭಾಗ ಇತರ ಟಿಪ್ಪಣಿಗಳದ್ದು. ನೋಡಲು ನೀರಸವಾದ ಪಟ್ಟಿ. ಆದರೆ ಇದು 1997ರ ಮೇ ತಿಂಗಳಲ್ಲಿ ಬ್ಯಾಂಕಾಕ್‌ನಿಂದ ಪ್ರಕಟವಾಗಿದ್ದರೆ ಬಹುಶಃ ಬಾತ್ ಅನ್ನು ಇನ್ನೂ ಮೊದಲೇ, ಮೀಸಲು ಕೈಯಲ್ಲಿರುವಾಗಲೇ ಸಡಿಲಿಸುವ ಒತ್ತಡ ಸರ್ಕಾರದ ಮೇಲೆ ಬೀಳುತ್ತಿತ್ತು. ಗುಟ್ಟಾಗಿಟ್ಟರೆ ಕಾಲ ಸಿಗುತ್ತದೆಂಬ ಕೇಂದ್ರ ಬ್ಯಾಂಕುಗಳ ಹಳೆಯ ನಂಬಿಕೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಸಿಕ್ಕ ಕಾಲವನ್ನು ಬ್ಯಾಂಕಾಕ್ ಉಳಿದ ಡಾಲರುಗಳನ್ನು ಸುಡಲು ಬಳಸಿತು.

1999ರಲ್ಲಿಯೇ ಅರ್ಜೆಂಟೀನಾದ ಹಣಕಾಸು ಇಲಾಖೆಯಲ್ಲಿದ್ದ ಪಾಬ್ಲೊ ಗೀಡೋಟ್ಟಿ ಸರಳವಾದ ನಿಯಮವೊಂದನ್ನು ಸೂಚಿಸಿದರು, ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ತಮ್ಮ ಭಾಷಣದಲ್ಲಿ ಅದನ್ನು ಎತ್ತಿಹಿಡಿದರು: ಹೊಸ ಸಾಲ ಒಂದು ಪೈಸೆಯೂ ಹುಟ್ಟದಿದ್ದರೂ ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲವನ್ನು ತೀರಿಸುವಷ್ಟು ಮೀಸಲು ದೇಶದ ಬಳಿ ಇರಬೇಕು. ಅಲ್ಲಿಯವರೆಗೆ ಎಷ್ಟು ತಿಂಗಳ ಆಮದಿಗೆ ಸಾಲುತ್ತದೆ ಎಂಬುದೇ ಮೀಸಲಿನ ಅಳತೆಯಾಗಿತ್ತು. ಆಮದನ್ನು ಹೇಗೋ ತಡೆದು ನಿಲ್ಲಿಸಬಹುದು. ವಾಯಿದೆ ಬಂದ ಸಾಲವನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ.

ನಮ್ಮ ದೇಶ ಈ ಪಾಠವನ್ನು ಥಾಯ್ಲೆಂಡಿಗಿಂತ ಆರು ವರ್ಷ ಮೊದಲೇ ಕಲಿತಿತ್ತು. 1991ನ್ನು ನೆನೆಯುವಾಗ ನಾವು ತೈಲದ ಬೆಲೆ, ಕೊಲ್ಲಿ ಯುದ್ಧ, ಅಡವಿಟ್ಟ ಚಿನ್ನ ಇವುಗಳ ಮಾತೆತ್ತುತ್ತೇವೆ, ಅವೆಲ್ಲ ನಿಜವೇ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ಸುಮಾರು 1.7 ಲಕ್ಷ ಭಾರತೀಯರು ಅಲ್ಲಿಂದ ಮರಳಿದರು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳು ಆ ವರ್ಷವನ್ನು ಇಂದಿಗೂ ಮರೆತಿಲ್ಲ. ಆದರೆ ಬಿಕ್ಕಟ್ಟನ್ನು ಕತ್ತಿನವರೆಗೆ ತಂದದ್ದು ಅಲ್ಪಾವಧಿಯ ಹೊರಹರಿವು. ಎಂಬತ್ತರ ದಶಕದಲ್ಲಿ ಚಾಲ್ತಿ ಖಾತೆಯ ಕೊರತೆಯನ್ನು ಅನಿವಾಸಿ ಭಾರತೀಯರ ವಿದೇಶಿ ಕರೆನ್ಸಿ ಠೇವಣಿಗಳಿಂದ ಮತ್ತು ಹೊರದೇಶದ ಬ್ಯಾಂಕುಗಳ ಕಿರು ಅವಧಿಯ ಸಾಲಗಳಿಂದ ತುಂಬಿಸಿಕೊಳ್ಳುವ ಅಭ್ಯಾಸ ಬೆಳೆದಿತ್ತು. 1990ರ ಅಕ್ಟೋಬರಿನಿಂದ ಆ ಠೇವಣಿಗಳು ಹೊರಹೋಗತೊಡಗಿದವು, 1991ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿಯೇ ಸುಮಾರು 95 ಕೋಟಿ ಡಾಲರ್ ಹೋಯಿತು. ಸಾಲ ತೀರಿಸುವ ದೇಶದ ಸಾಮರ್ಥ್ಯವನ್ನು ಅಳೆಯುವ ರೇಟಿಂಗ್ ಇಳಿದ ಮೇಲೆ ಬ್ಯಾಂಕುಗಳು ಸಾಲದ ಅವಧಿ ಮುಂದುವರಿಸಲು ನಿರಾಕರಿಸಿದವು. 1991ರ ಮಾರ್ಚ್ ಕೊನೆಗೆ ದೇಶದ ಅಲ್ಪಾವಧಿ ವಿದೇಶಿ ಸಾಲ ಸುಮಾರು 8.5 ಶತಕೋಟಿ ಡಾಲರ್, ಚಿನ್ನವೂ ಸೇರಿ ಮೀಸಲು 5.8 ಶತಕೋಟಿ. ಅಂದರೆ ಅಲ್ಪಾವಧಿ ಸಾಲ ಮೀಸಲಿನ ಶೇ. 146ಕ್ಕೂ ಹೆಚ್ಚು. ಗೀಡೋಟ್ಟಿಯವರ ನಿಯಮ ಆಗ ಇದ್ದಿದ್ದರೆ ಈ ಒಂದು ಅನುಪಾತವೇ ಎಚ್ಚರಿಕೆಯ ಗಂಟೆಯಾಗುತ್ತಿತ್ತು.

ಆ ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನವನ್ನು ಮರುಖರೀದಿಯ ಷರತ್ತಿನ ಮೇಲೆ ಸ್ವಿಟ್ಜರ್ಲೆಂಡಿಗೆ ಮಾರಲಾಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಕೈಸೇರಿ 40 ಕೋಟಿ ಡಾಲರು ಬಂತು. ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಚಿನ್ನ ಅಡವಿಟ್ಟದ್ದನ್ನು ಅವಮಾನವೆಂದು ಕಂಡವರು ಆಗ ಬಹಳ ಮಂದಿ. ನನಗೆ ಅದು, ಕೊಟ್ಟ ವಾಯಿದೆ ತಪ್ಪಬಾರದೆಂಬ ನಿರ್ಧಾರವಾಗಿ ಕಾಣುತ್ತದೆ. ಭಾರತ ಒಂದು ಕಂತನ್ನೂ ತಪ್ಪಿಸಲಿಲ್ಲ.

ಆನಂತರದ ಬದಲಾವಣೆಗಳು ಹೆಚ್ಚು ಸದ್ದು ಮಾಡಲಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅವು ಆ ದಶಕದ ದೊಡ್ಡ ಸಾಧನೆಗಳು. ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ 1993ರಲ್ಲಿ ಅಲ್ಪಾವಧಿ ಸಾಲಕ್ಕೆ ಕಟ್ಟುನಿಟ್ಟಾದ ಮಿತಿ ಬೇಕೆಂದಿತು. ವಿನಿಮಯ ದರದ ನಷ್ಟವನ್ನೆಲ್ಲ ರಿಸರ್ವ್ ಬ್ಯಾಂಕೇ ಹೊರುತ್ತಿದ್ದ ಹಳೆಯ ಅನಿವಾಸಿ ಠೇವಣಿ ಯೋಜನೆ 1994ರಲ್ಲಿ ಕೊನೆಗೊಂಡಿತು. ಮುಂದೆ ಮತ್ತೆ ಡಾಲರು ತುರ್ತಾಗಿ ಬೇಕಾದಾಗ ತಂದ ಸಾಲಗಳಿಗೆಲ್ಲ ನಿಶ್ಚಿತ ವಾಯಿದೆ ಇತ್ತು. 1998ರ ರಿಸರ್ಜೆಂಟ್ ಇಂಡಿಯಾ ಬಾಂಡ್‌ಗಳಿಂದ ಬಂದ 4.2 ಶತಕೋಟಿ ಡಾಲರಿಗೆ ಬಡ್ಡಿ ಸೇರಿಸಿ ಸುಮಾರು 5.5 ಶತಕೋಟಿಯನ್ನು 2003ರ ಅಕ್ಟೋಬರಿನಲ್ಲಿ, 2000ದ ಇಂಡಿಯಾ ಮಿಲೆನಿಯಂ ಠೇವಣಿಗಳ ಬಾಬ್ತು ಸುಮಾರು 7 ಶತಕೋಟಿಯನ್ನು 2005ರ ಡಿಸೆಂಬರಿನಲ್ಲಿ ಒಟ್ಟಿಗೇ ಮರಳಿಸಬೇಕಾಯಿತು. 2013ರಲ್ಲಿ ರೂಪಾಯಿ ಕುಸಿಯುತ್ತಿದ್ದಾಗ ರಘುರಾಮ್ ರಾಜನ್ ಗವರ್ನರ್ ಆದ ಹೊಸತರಲ್ಲಿ ಬ್ಯಾಂಕುಗಳಿಗೆ ರಿಯಾಯಿತಿ ದರದ ಸ್ವಾಪ್ ಕೊಟ್ಟು ಅನಿವಾಸಿಗಳಿಂದ ಸುಮಾರು 26 ಶತಕೋಟಿ ಡಾಲರ್ ಠೇವಣಿ ತರಿಸಲಾಯಿತು. ಅದು ಮೂರು ವರ್ಷ ಕಳೆದು 2016ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಹೊರಹೋಗಬೇಕಿತ್ತು. ಅಷ್ಟು ದೊಡ್ಡ ಹೊರಹರಿವಿನ ತಾರೀಕು ಎಲ್ಲರಿಗೂ ಮೊದಲೇ ಗೊತ್ತಿತ್ತು, ರಿಸರ್ವ್ ಬ್ಯಾಂಕು ಅದಕ್ಕೆ ಬೇಕಾದ ಡಾಲರುಗಳನ್ನು ವಾಯಿದೆ ಖರೀದಿಯ ಮೂಲಕ ಮೊದಲೇ ಜೋಡಿಸಿಕೊಂಡಿತ್ತು, ರೂಪಾಯಿ ಅದರಿಂದ ತತ್ತರಿಸಲಿಲ್ಲ.

ಶ್ರೀಲಂಕೆಗೆ ಆ ಅವಕಾಶವಿರಲಿಲ್ಲ, ಅಥವಾ ಇದ್ದ ಅವಕಾಶವನ್ನು ಅದು ಬಳಸಿಕೊಳ್ಳಲಿಲ್ಲ. 2021ರ ಕೊನೆಗೆ ಅದರ ಮೀಸಲು ಸುಮಾರು 3.1 ಶತಕೋಟಿ ಡಾಲರ್ ಎಂದು ತೋರುತ್ತಿದ್ದರೂ ಅದರ ಅರ್ಧದಷ್ಟು ಚೀನಾದ ಕೇಂದ್ರ ಬ್ಯಾಂಕಿನ ಜೊತೆಗಿನ ಸ್ವಾಪ್‌ನಿಂದ ಬಂದ ಯುವಾನ್, ಷರತ್ತುಗಳ ಕಾರಣದಿಂದ ಸುಲಭವಾಗಿ ಬಳಸಲಾಗದ ಹಣ. 2022ರ ಜನವರಿಯಲ್ಲಿ 50 ಕೋಟಿ ಡಾಲರಿನ ಬಾಂಡನ್ನು ತೀರಿಸಿದಾಗ ಆ ಹಣವನ್ನು ಔಷಧ, ಇಂಧನಗಳಿಗೆ ಉಳಿಸಿಕೊಳ್ಳಿ ಎಂದು ಅಲ್ಲಿನ ಅನೇಕರು ಕೇಳಿಕೊಂಡಿದ್ದರು. ಏಪ್ರಿಲ್ 12ರಂದು ವಿದೇಶಿ ಸಾಲದ ಪಾವತಿಯೇ ನಿಂತಿತು. ಮೇ ತಿಂಗಳಲ್ಲಿ ಹಣಕಾಸು ಸಚಿವ ಅಲಿ ಸಬ್ರಿ ಬಳಸಬಹುದಾದ ಮೀಸಲು 5 ಕೋಟಿ ಡಾಲರಿಗೂ ಕಡಿಮೆಯಿದೆ ಎಂದು ಸಂಸತ್ತಿಗೆ ಹೇಳಿದರು. ಅಡುಗೆ ಅನಿಲಕ್ಕೂ ಪೆಟ್ರೋಲಿಗೂ ಅಲ್ಲಿನ ಜನ ದಿನಗಟ್ಟಲೆ ಸಾಲಿನಲ್ಲಿ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಈ ಪಟ್ಟಿಗಳ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು ಆ ಸಾಲುಗಳಲ್ಲಿ ನಿಂತವರ ಕಾರಣಕ್ಕಾಗಿಯೇ. ಲೆಕ್ಕದ ತಪ್ಪಿಗೆ ಬೆಲೆ ತೆರುವವರು ಲೆಕ್ಕ ಬರೆದವರಲ್ಲ.

ಈಗ ನಮ್ಮ ಇತ್ತೀಚಿನ ಲೆಕ್ಕಕ್ಕೆ ಬರುತ್ತೇನೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತದ ಮೀಸಲು ಸುಮಾರು 705 ಶತಕೋಟಿ ಡಾಲರ್ ತಲುಪಿತ್ತು, 2025ರ ಫೆಬ್ರುವರಿ ಕೊನೆಗೆ ಅದು 640ರ ಆಸುಪಾಸಿಗೆ ಇಳಿಯಿತು. ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಹೆಚ್ಚಾಗಿ ಈ ಇಳಿಕೆಯೇ. ಅದೇ ಅವಧಿಯಲ್ಲಿ ರಿಸರ್ವ್ ಬ್ಯಾಂಕಿನ ನಿವ್ವಳ ವಾಯಿದೆ ಮಾರಾಟ, ಅಂದರೆ ಮುಂದೆ ಪಡೆಯಬೇಕಾದದ್ದನ್ನು ಕಳೆದು ಒಪ್ಪಿಸಬೇಕಾಗಿ ಉಳಿದ ಡಾಲರು, ಸುಮಾರು 15 ಶತಕೋಟಿಯಿಂದ 88 ಶತಕೋಟಿ ಡಾಲರಿಗೆ ಏರಿತ್ತು. ಕಣ್ಣಿಗೆ ಕಂಡ ಇಳಿಕೆಗಿಂತ ವಾಯಿದೆಯಲ್ಲಿ ಸೇರಿಕೊಂಡ ಹೊಣೆಯೇ ದೊಡ್ಡದು. ಇದನ್ನು ಥಾಯ್ಲೆಂಡಿಗೆ ಹೋಲಿಸುವುದು ಅನ್ಯಾಯವಾಗುತ್ತದೆ: ನಮ್ಮ ರೂಪಾಯಿಯನ್ನು ಯಾವ ದರಕ್ಕೂ ಕಟ್ಟಿಹಾಕಿಲ್ಲ, ಹೊಣೆ ಆಗ ಮೀಸಲಿನ ಏಳನೆಯ ಒಂದು ಭಾಗದಷ್ಟು ಮಾತ್ರ ಇತ್ತು, ವಾಯಿದೆ ಒಪ್ಪಂದಗಳಲ್ಲಿ ಒಂದು ಪಾಲು ಡಾಲರಿನ ಪೂರ್ಣ ಮೊತ್ತವನ್ನು ಕೇಳದೆ ದರದ ವ್ಯತ್ಯಾಸದಷ್ಟಕ್ಕೇ ಮುಗಿಯುವಂಥದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಸಂಖ್ಯೆ ನನಗೆ ಗೊತ್ತಾದದ್ದು ರಿಸರ್ವ್ ಬ್ಯಾಂಕು ಅದನ್ನು ತಾನೇ ಪ್ರಕಟಿಸಿದ್ದರಿಂದ. ಆ ವಾಯಿದೆಗಳಲ್ಲಿ ಕೆಲವಕ್ಕೆ ಸಹಜವಾದ ಎದುರು ಹರಿವೂ ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಂಥ ರಫ್ತುದಾರರು ತಮಗೆ ಮುಂದೆ ಬರಲಿರುವ ಡಾಲರನ್ನು ಇಂದೇ ವಾಯಿದೆಗೆ ಮಾರುವುದರಿಂದ, ಪರಿಸ್ಥಿತಿ ಅನುಕೂಲವಾದಾಗ ರಿಸರ್ವ್ ಬ್ಯಾಂಕು ಮಾರುಕಟ್ಟೆಯಲ್ಲಿಯೇ ಡಾಲರು ಕೊಂಡು ತನ್ನ ಹೊಣೆಯನ್ನು ಇಳಿಸಿಕೊಳ್ಳಲು ಸಾಧ್ಯ.

ಸಾಲದ ಕಡೆಯಿಂದ ನೋಡಿದರೂ ಗಾಬರಿಗೆ ಕಾರಣವಿಲ್ಲ. ಒಂದು ವರ್ಷದೊಳಗೆ ವಾಯಿದೆ ಮುಗಿಯುವ ಎಲ್ಲ ವಿದೇಶಿ ಸಾಲವನ್ನು, ಅನಿವಾಸಿ ಠೇವಣಿಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ 2025ರ ಮಾರ್ಚ್‌ನಲ್ಲಿ ಅದು ಮೀಸಲಿನ ಶೇ. 45ರ ಆಸುಪಾಸಿನಲ್ಲಿತ್ತು. 1991ರಲ್ಲಿ ಮೂಲ ಅವಧಿಯ ಲೆಕ್ಕದಲ್ಲಿಯೇ, ಎಂದರೆ ಪಡೆಯುವಾಗಲೇ ಅಲ್ಪಾವಧಿಯದಾಗಿದ್ದ ಸಾಲವನ್ನಷ್ಟೇ ಎಣಿಸುವ, ಇದಕ್ಕಿಂತ ಕಿರಿದಾದ ಅಳತೆಯಲ್ಲಿಯೇ, ಅದು ಶೇ. 146 ಆಗಿತ್ತೆಂಬುದನ್ನು ನೆನೆದರೆ ಬಂದ ದಾರಿ ಎಷ್ಟು ದೂರವೆಂದು ತಿಳಿಯುತ್ತದೆ.

ಆದರೂ ನನಗೆ ಒಂದು ಅಸಮಾಧಾನ ಉಳಿದಿದೆ. ಮೀಸಲಿನ ಮೊತ್ತ ವಾರಕ್ಕೊಮ್ಮೆ ಬರುತ್ತದೆ, ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಗುತ್ತದೆ. ವಾಯಿದೆಗಳ ವಿವರ ಬರುವುದು ತಿಂಗಳುಗಳ ನಂತರ, ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್ನಿನ ಹಿಂದಿನ ಪುಟಗಳ ಕೋಷ್ಟಕದಲ್ಲಿ. ಎರಡೂ ಒಂದೇ ಹಾಳೆಯಲ್ಲಿ, ಒಂದೇ ದಿನ ಬರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ನಿಧಿಯ ನಮೂನೆಯ ಎರಡನೆಯ ಭಾಗ ಹನ್ನೆರಡು ತಿಂಗಳಿಗೆ ನಿಂತುಬಿಡುತ್ತದೆ ಎಂಬುದನ್ನೂ ಗಮನಿಸಬೇಕು. 2025ರ ಫೆಬ್ರುವರಿ 28ರಂದು ಮತ್ತು ಮಾರ್ಚ್ 24ರಂದು ರಿಸರ್ವ್ ಬ್ಯಾಂಕು ತಲಾ 10 ಶತಕೋಟಿ ಡಾಲರಿನ ಮೂರು ವರ್ಷದ ಸ್ವಾಪ್‌ಗಳನ್ನು ಹರಾಜು ಹಾಕಿ ಬ್ಯಾಂಕುಗಳಿಂದ ಡಾಲರು ಪಡೆದು ರೂಪಾಯಿ ಕೊಟ್ಟಿತು. ಆ ಡಾಲರುಗಳು ಇಂದು ಮೀಸಲಿನ ಮೊತ್ತದಲ್ಲಿವೆ. ಬುಲೆಟಿನ್ನಿನ ಕೋಷ್ಟಕದಲ್ಲಿ ವರ್ಷಕ್ಕಿಂತ ಹೆಚ್ಚಿನ ವಾಯಿದೆ ಎಂಬ ಸಾಲಿನಡಿ ಅವುಗಳ ಹೊಣೆಯೂ ದಾಖಲಾಗಿದೆ. ವರ್ಷದೊಳಗಿನ ಹೊರಹರಿವಿನ ಅಂಕಣಕ್ಕೆ ಅವು ಸರಿಯುವುದು 2027ರ ಮಾರ್ಚ್‌ನಲ್ಲಿ, ಮರಳಿಸಬೇಕಾದದ್ದು 2028ರ ಮಾರ್ಚ್‌ನಲ್ಲಿ.